ಮಿಲಿಟರಿ ಮಾವನಿಗೆ ನಾಯಿ, ಪೇಂಟಿಂಗ್ ಹೆಲ್ಪ್ ಆಗುತ್ತಾ: ಪ್ರತಿಕ್ರಿಯೆ

ತೋಟದಲ್ಲಿ ಆನೆ ಓಡ್ಸೋಕೆ ಪಟಾಕಿ ಹೊಡೆದ್ರೆ ಕಾರ್ಗಿಲ್‌ನಲ್ಲಿದ್ದ ಮಾವ ನಡುಗ್ತಾರೆ, ಮನೆ ಲ್ಯಾಬ್ (ಲ್ಯಾಬ್ರಡಾರ್) ನಾಯೀನ ಸರ್ವೀಸ್ ಡಾಗ್ ಮಾಡ್ಬೋದಾ, ಪೇಂಟಿಂಗ್ ಕೊಡ್ಲಾ ಅಂತ ಕೇಳಿದ್ರಲ್ಲ. ನೋಡಿ, ಸಾಕಿದ ನಾಯಿ ಬೇರೆ, ಸರ್ವೀಸ್ ಡಾಗ್ ಬೇರೆ. ಕೆಟ್ಟ ಕನಸಲ್ಲಿ ಒದ್ದಾಡ್ತಿದ್ರೆ ಮೂತಿಯಿಂದ ತಿವಿದು ಎಬ್ಸೋದು, ಗಾಬರಿ ಆದಾಗ ತೊಡೆ ಮೇಲೆ ಭಾರ ಬಿಟ್ಟು ಮಲ್ಗೋದು, ಜನ ಜಾಸ್ತಿ ಇದ್ರೆ ಬೆನ್ನ ಹಿಂದೆ ಅಡ್ಡ ನಿಲ್ಲೋದು, ಇದನ್ನೆಲ್ಲ ತಿಂಗಳುಗಟ್ಟಲೆ ಕಲಿಸ್ತಾರೆ. ಅಮೆರಿಕದಲ್ಲಿ 2021ರ ಕಾನೂನಿನ ಪ್ರಕಾರ ಮಾಜಿ ಸೈನಿಕರೇ ನಾಯಿಗೆ ಟ್ರೈನಿಂಗ್ ಕೊಡೋ ಪೈಲಟ್ ಪ್ರೋಗ್ರಾಂ ಶುರುವಾಯ್ತು, ಅಂದ್ರೆ ಕಲಿಸೋದೇ ಥೆರಪಿ. ನಿಮ್ಮನೇಲೂ ಲ್ಯಾಬ್‌ನ ವಾಕಿಂಗ್, ಊಟ, ಟ್ರೈನಿಂಗ್ ಪೂರ್ತಿ ಮಾವನಿಗೇ ಬಿಡಿ, ನೀವು ಮಧ್ಯ ಹೋಗ್ಬೇಡಿ. ಆದ್ರೆ ನಾಯಿಗೂ ಪಟಾಕಿ ಭಯ ಇದ್ರೆ ಇದು ಆಗಲ್ಲ.

ಚಿತ್ರದ ವಿಷ್ಯ, ಅಮೆರಿಕದ ವಾಲ್ಟರ್ ರೀಡ್ ಮಿಲಿಟರಿ ಆಸ್ಪತ್ರೇಲಿ ಸೈನಿಕರ ಕೈಲಿ ಮುಖವಾಡ ಮಾಡಿಸ್ತಾರೆ, ಬಾಯಲ್ಲಿ ಹೇಳೋಕಾಗ್ದೇ ಇರೋದು ಬಣ್ಣದಲ್ಲಿ ಬರುತ್ತೆ ಅಂತ. ಬ್ರಶ್ಶು ಪೇಪರ್ರು ಜಗಲೀಲಿ ಇಟ್ಬಿಡಿ ಸಾಕು, ಯುದ್ಧದ್ದೇ ಬರೀರಿ ಅನ್ಬೇಡಿ, ಬರೆದಿದ್ದನ್ನ ನೆಂಟರಿಗೆ ತೋರಿಸ್ಬೇಡಿ.

ನಮ್ ಕೊಡಗಿನ ಹಬ್ಬ ಕೈಲ್‌ಪೊಳ್ದ್‌ಗೂ ಪುತ್ತರಿಗೂ ಗುಂಡು ಹಾರ್ಸೋ ಟೈಮ್ ಮಾವನಿಗೆ ಮುಂಚೇನೇ ಹೇಳಿಡಿ, ತೋಟ ನೋಡ್ಕೊಳ್ಳೋ ರೈಟರ್‌ಗೂ ಪಟಾಕಿ ಹಚ್ಚೋ ಮುಂಚೆ ಒಂದು ಫೋನ್ ಮಾಡಕ್ಕೆ ಹೇಳಿ. ನಿದ್ದೇಲಿದ್ದಾಗ ಮುಟ್ಟಿ ಎಬ್ಬಿಸ್ಬೇಡಿ, ದೂರದಿಂದ ಹೆಸರು ಕರೀರಿ. ಇದೆಲ್ಲ ಡಾಕ್ಟರ್ ಬದ್ಲು ಅಲ್ಲ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ರೆ ಅಲ್ಲಿಂದ ಸೈಕಿಯಾಟ್ರಿಸ್ಟ್‌ಗೆ ರೆಫರ್ ಮಾಡಿಸ್ಕೊಳ್ಳಿ, ಅವ್ರು ಬರಲ್ಲ ಅಂದ್ರೆ ಮೊದ್ಲು ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮತ್ತೆ ನಿದ್ದೆಗೆ ಅಂತ ಮಿಲಿಟರಿ ಕ್ಯಾಂಟೀನ್ ರಮ್ ನಡೀತಿದ್ರೆ (ನಮ್ ಕಡೆ ಯಾರ ಮನೇಲಿ ಇಲ್ಲ ಹೇಳಿ) ಅದನ್ನೂ ಡಾಕ್ಟರ್ ಹತ್ರ ಮುಚ್ಚಿಡ್ಬೇಡಿ.