ಒಂದೇ ವಿಸ್ಕಿ, ಎರಡು ಅಂಕ

ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಉತ್ತರ ತಡವಾದದ್ದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು. ಮೂರು ವರ್ಷದ ಹಿಂದಿನ ನಮ್ಮ ಪಟ್ಟಿಯಲ್ಲಿ 18 ವರ್ಷದ ಒಂದು ಸ್ಕಾಚ್ ವಿಸ್ಕಿಗೆ 91 ಅಂಕ ಕೊಟ್ಟಿದ್ದೆವು. ಈ ಸಲ ಅದೇ ವಿಸ್ಕಿಗೆ 86. ಅದು ಸಾಲದು ಅಂತ, ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ 12 ವರ್ಷದ ಒಂದು ರಮ್ ಅದಕ್ಕಿಂತ ಏಳು ಸ್ಥಾನ ಮೇಲೆ ಕೂತಿದೆ. "ವಿಸ್ಕಿ ಕೆಟ್ಟಿತೋ, ನಿಮ್ಮ ನಾಲಿಗೆ ಕೆಟ್ಟಿತೋ?" ಅಂತ ಕೇಳಿದ್ದೀರಿ. ವಯಸ್ಸಲ್ಲಿ ಚಿಕ್ಕದು ಮೇಲೆ ಹೇಗೆ ಬಂತು ಅಂತ ಎರಡನೇ ಪ್ರಶ್ನೆ. ರಮ್ಮನ್ನೂ ವಿಸ್ಕಿಯನ್ನೂ ಒಂದೇ ಪಟ್ಟಿಯಲ್ಲಿ ಕೂರಿಸೋದು ಸರಿಯಾ ಅಂತ ಮೂರನೆಯದು.

ಮೊದಲನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ: ತಪ್ಪು ನಮ್ಮದು. 91 ಅಂದರೆ 91, ಅದು 90ಕ್ಕೆ ಇಳಿಯೋದಿಲ್ಲ, 92ಕ್ಕೆ ಏರೋದಿಲ್ಲ ಅನ್ನೋ ಹಾಗೆ ಅಚ್ಚು ಹಾಕಿದೆವು. ನಾಲಿಗೆಯ ಅಳತೆಗೋಲಿನಲ್ಲಿ ಅಷ್ಟು ಸಣ್ಣ ಗೆರೆಗಳು ಇಲ್ಲ.

ನಿಮ್ಮ ಪತ್ರ ಓದಿದ ವಾರವೇ ನಾವು ನಾಲ್ವರು ಮತ್ತೆ ಮೇಜಿಗೆ ಕೂತೆವು. ಸುರಿಯುವ ಕೆಲಸ ಐದನೆಯವರದ್ದು. ಅವರು ಪಕ್ಕದ ಕೋಣೆಯಲ್ಲಿ ಅಳೆದು ಸುರಿದು, ಗ್ಲಾಸಿಗೆ ನಂಬರ್ ಅಂಟಿಸಿ ತಂದಿಟ್ಟರು. ಆರು ಗ್ಲಾಸು. ಎಲ್ಲವೂ ಹೊಟ್ಟೆ ದುಂಡಗಿದ್ದು ಬಾಯಿ ಕಿರಿದಾದವು, ವಾಸನೆ ಚೆದುರದೆ ಮೂಗಿಗೆ ಸಿಗಲಿ ಅಂತ. ಆರರಲ್ಲಿ ಎರಡರಲ್ಲಿ ಇದ್ದದ್ದು ನೀವು ಕೇಳಿದ ಅದೇ ವಿಸ್ಕಿ, ಒಂದೇ ಬಾಟಲಿಯಿಂದ ಸುರಿದದ್ದು. ಒಂದು ಎರಡು ಸಲ ಬರುತ್ತದೆ ಅನ್ನೋದು ನನಗೆ ಗೊತ್ತಿತ್ತು. ಯಾವ ಗ್ಲಾಸುಗಳಲ್ಲಿ ಅನ್ನೋದು ಗೊತ್ತಿರಲಿಲ್ಲ. ಉಳಿದ ಮೂವರಿಗೆ ಏನೂ ಹೇಳಿರಲಿಲ್ಲ.

ನನ್ನ ಚೀಟಿ ಈಗ ಮುಂದೆಯೇ ಇದೆ. 2ನೇ ಗ್ಲಾಸಿಗೆ ಬರೆದದ್ದು: "ಜೇನು, ಒಣದ್ರಾಕ್ಷಿ, ಹಳೇ ಮರದ ಪೆಟ್ಟಿಗೆ ತೆಗೆದಾಗಿನ ವಾಸನೆ. ನುಂಗಿದ ಮೇಲೂ ತುಂಬ ಹೊತ್ತು ನಿಲ್ಲುತ್ತದೆ. 90." 5ನೇ ಗ್ಲಾಸಿಗೆ ಬರೆದದ್ದು: "ಮರ ಜಾಸ್ತಿ. ಹಣ್ಣು ಕಾಣಲಿಲ್ಲ. ಕೊನೆಗೆ ಒಗರು. 85."

ಎರಡೂ ಒಂದೇ ವಿಸ್ಕಿ.

ನಂಬರ್ ಬಿಚ್ಚಿದಾಗ ನಾನು ಸುಮ್ಮನೆ ಕೂತುಬಿಟ್ಟೆ. ಆಮೇಲೆ 4ನೇ ಗ್ಲಾಸಿನಲ್ಲಿ ಏನಿತ್ತು ಅಂತ ಕೇಳಿದೆ. ಸಿಹಿ ಬೆರೆಸಿದ ಒಂದು ರಮ್ ಅಂತೆ. ಅಲ್ಲಿಗೆ ಗುಟ್ಟು ಗೊತ್ತಾಯಿತು. ಸಿಹಿ ಕುಡಿದ ನಾಲಿಗೆಗೆ ಅದರ ಹಿಂದೆಯೇ ಸಿಹಿ ಇಲ್ಲದ್ದು ಬಂದರೆ ಒಣ ಒಣ ಅನ್ನಿಸುತ್ತದೆ, ಮರದ ಒಗರು ಎದ್ದು ಕಾಣುತ್ತದೆ. ನಾನು ನಡುವೆ ನೀರು ಕುಡಿದಿದ್ದೆ, ಎರಡು ನಿಮಿಷ ಕಾದಿದ್ದೆ. ಅದು ಸಾಕಾಗಲಿಲ್ಲ. ಉಳಿದ ಮೂವರಲ್ಲಿ ಒಬ್ಬರು ಮಾತ್ರ ಎರಡಕ್ಕೂ ಒಂದೇ ಅಂಕ ಕೊಟ್ಟಿದ್ದರು. ಇನ್ನಿಬ್ಬರಲ್ಲಿ ಮೂರು, ನಾಲ್ಕು ಅಂಕದ ಅಂತರ. ಈ ಪರೀಕ್ಷೆಯನ್ನು ಕ್ರಮ ಬದಲಿಸಿ ಇನ್ನೆರಡು ಸಂಜೆ ಮಾಡಿದೆವು. ಉತ್ತರ ತಡವಾದದ್ದು ಅದಕ್ಕೇ.

ಇದು ನಮ್ಮ ಮೇಜಿಗಷ್ಟೇ ಬಂದ ಕಷ್ಟ ಅಲ್ಲ. ಅಮೆರಿಕದಲ್ಲಿ ರಾಬರ್ಟ್ ಹಾಡ್ಜ್‌ಸನ್ ಅನ್ನುವವರು ಕ್ಯಾಲಿಫೋರ್ನಿಯಾದ ದೊಡ್ಡ ವೈನ್ ಸ್ಪರ್ಧೆಯಲ್ಲಿ ಇದೇ ಕೆಲಸ ಮಾಡಿದರು. ತೀರ್ಪುಗಾರರಿಗೆ ಗೊತ್ತಾಗದ ಹಾಗೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಕೊಡಿಸಿದರು. 2008ರಲ್ಲಿ ಫಲಿತಾಂಶ ಅಚ್ಚಾಯಿತು. ಮೂರನ್ನೂ ಒಂದೇ ಪದಕದ ದರ್ಜೆಯಲ್ಲಿ ಇಟ್ಟವರು ಹತ್ತರಲ್ಲಿ ಒಬ್ಬರು, ಅಷ್ಟೇ. ಅವರೆಲ್ಲ ಪಳಗಿದ ತೀರ್ಪುಗಾರರು. ಅದೇ ವರ್ಷ ಅಮೆರಿಕದ ವಿಶ್ವವಿದ್ಯಾಲಯ ಕ್ಯಾಲ್ಟೆಕ್‌ನ ಸಂಶೋಧಕರು ಇನ್ನೊಂದು ತೋರಿಸಿದರು. ಒಂದೇ ವೈನನ್ನು ಬೇರೆ ಬೇರೆ ಬೆಲೆ ಹೇಳಿ ಕೊಟ್ಟರೆ, ಜಾಸ್ತಿ ಬೆಲೆ ಹೇಳಿದ್ದೇ ಜನರಿಗೆ ಹಿಡಿಸುತ್ತದೆ. ಬಾಯಿಮಾತಿಗೆ ಹಾಗಂದದ್ದಲ್ಲ, ಮಿದುಳಿನಲ್ಲಿ ಸುಖದ ಭಾಗವೇ ಜಾಸ್ತಿ ಚುರುಕಾಗಿತ್ತು. ಬೆಲೆಯ ಜಾಗದಲ್ಲಿ ವಯಸ್ಸು ಇಟ್ಟು ನೋಡಿ. "18" ಅಂತ ಕಂಡ ಮೇಲೆ ನಾಲಿಗೆ ಆ 18ನ್ನೇ ಹುಡುಕುತ್ತದೆ.

ವಯಸ್ಸಿನ ವಿಷಯಕ್ಕೆ ಬರುತ್ತೇನೆ. ನನಗೆ ತುಂಬ ಪ್ರೀತಿಯ ವಿಷಯ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಭಟ್ಟಿಯಿಂದ ಇಳಿದಾಗ ವಿಸ್ಕಿಯೂ ರಮ್ಮೂ ನೀರಿನ ಹಾಗೆ ಬಣ್ಣ ಇಲ್ಲದೆ ಇರುತ್ತವೆ. ಬಣ್ಣ, ವೆನಿಲ್ಲಾ, ತೆಂಗಿನ ಪರಿಮಳ, ಲವಂಗದ ಖಾರ, ಒಗರು, ಇವೆಲ್ಲ ಬರೋದು ಓಕ್ ಪೀಪಾಯಿಯಿಂದ. ಅಮೆರಿಕದವರ ವಿಸ್ಕಿ ಬರ್ಬನ್‌ಗೆ ಒಳಗೋಡೆ ಸುಟ್ಟ ಹೊಸ ಪೀಪಾಯಿಯೇ ಆಗಬೇಕು ಅಂತ ಅಮೆರಿಕದ ಕಾನೂನು. ಹಾಗಾಗಿ ಅವರು ಒಂದು ಸಲ ಬಳಸಿ ಬಿಟ್ಟ ಸುಮಾರು 200 ಲೀಟರಿನ ಪೀಪಾಯಿಗಳು ಸ್ಕಾಟ್ಲೆಂಡಿಗೂ ಕೆರಿಬಿಯನ್ ದ್ವೀಪಗಳಿಗೂ ಹೋಗುತ್ತವೆ. ಶೆರ್ರಿ ವೈನ್ ಇಟ್ಟಿದ್ದ ದೊಡ್ಡ ಪೀಪಾಯಿಗಳೂ ಇವೆ, ಸುಮಾರು 500 ಲೀಟರ್. ಪೀಪಾಯಿ ದೊಡ್ಡದಾದಷ್ಟೂ, ಹಳತಾದಷ್ಟೂ ಮರದ ಕೆಲಸ ನಿಧಾನ. ಅಂದರೆ 18 ವರ್ಷ ಅಂತ ಹೇಳಿದರೆ ಅರ್ಧ ಮಾತು ಹೇಳಿದ ಹಾಗೆ. ಯಾವ ಪೀಪಾಯಿ, ಎಷ್ಟನೇ ಸಲದ್ದು, ಯಾವ ಊರಿನ ಹವೆ ಅಂತ ಕೇಳಬೇಕು.

ಹವೆಯದ್ದೇ ದೊಡ್ಡ ಪಾಲು. ಪೀಪಾಯಿ ಉಸಿರಾಡುತ್ತದೆ. ಸ್ಕಾಟ್ಲೆಂಡಿನ ತಣ್ಣನೆ ಉಗ್ರಾಣದಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗಿ ಹೋಗುತ್ತದೆ. ಆ ಕಸುಬಿನವರು ಅದಕ್ಕೆ ದೇವದೂತರ ಪಾಲು ಅನ್ನುತ್ತಾರೆ. ಕೆರಿಬಿಯನ್ ಸೆಕೆಯಲ್ಲಿ ಶೇ. 6 ಹೋಗೋದು ಸಾಮಾನ್ಯ, ಅದಕ್ಕಿಂತ ಜಾಸ್ತಿಯೂ ಹೋಗುತ್ತದೆ. ಈಗ ನಿಮ್ಮ ಎರಡು ಬಾಟಲಿಗೆ ಲೆಕ್ಕ ಹಾಕಿ. ಸ್ಕಾಟ್ಲೆಂಡಿನಲ್ಲಿ 18 ವರ್ಷ ಮಲಗಿದ ಪೀಪಾಯಿಯಲ್ಲಿ ಕಳೆದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಬಾರ್ಬಡೋಸ್‌ನಲ್ಲೇ 12 ವರ್ಷ ಮಾಗಿದ ಪೀಪಾಯಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಉಳಿದದ್ದು ಗಟ್ಟಿಯಾಗಿದೆ, ಮರವನ್ನು ಆಳವಾಗಿ ಎಳೆದುಕೊಂಡಿದೆ. ಅದೇ ರಮ್ಮನ್ನು ಯುರೋಪಿಗೆ ಸಾಗಿಸಿ ಅಲ್ಲಿನ ಚಳಿಯಲ್ಲಿ 12 ವರ್ಷ ಇಟ್ಟಿದ್ದರೆ ಅದು ಬೇರೆಯೇ ರಮ್ ಆಗುತ್ತಿತ್ತು. ಹಾಗೆ ಮಾಡಿದ ಬಾಟಲಿಗಳೂ ಇವೆ, ಎಷ್ಟೋ ಚೆನ್ನಾಗಿರುತ್ತವೆ.

ಮರ ಅತಿಯಾಗೋದೂ ಉಂಟು. ಕೋನ್ಯಾಕ್ ಮತ್ತು ಆರ್ಮನ್ಯಾಕ್ ಅನ್ನೋ ದ್ರಾಕ್ಷಿ ಬ್ರಾಂಡಿ ಮಾಡುವ ಫ್ರೆಂಚರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ಇನ್ನು ಮರ ಸಾಕು ಅನ್ನಿಸಿದ ದಿನ, ಪೀಪಾಯಿಯಿಂದ ತೆಗೆದು ದೊಡ್ಡ ಗಾಜಿನ ಜಾಡಿಗಳಿಗೆ ತುಂಬಿಡುತ್ತಾರೆ. ಗಾಜಿನಲ್ಲಿ ವಯಸ್ಸು ಏರೋದಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ. ಇನ್ನೂ ಹತ್ತು ವರ್ಷ ಬಿಟ್ಟು ದೊಡ್ಡ ನಂಬರ್ ಹಾಕಬಹುದಿತ್ತು. ಅವರು ನಿಲ್ಲಿಸಿದರು.

ಬಾಟಲಿ ಮೇಲಿನ ನಂಬರನ್ನೂ ಸ್ವಲ್ಪ ನಿಧಾನವಾಗಿ ಓದಿ. ಸ್ಕಾಚ್ ಮೇಲೆ 18 ವರ್ಷ ಅಂತ ಇದ್ದರೆ, ಬೆರೆಸಿದ್ದರಲ್ಲಿ ಅತಿ ಚಿಕ್ಕದಕ್ಕೂ 18 ಆಗಿದೆ ಅಂತ ಅರ್ಥ. ಕೆಲವು ರಮ್ ಬಾಟಲಿಗಳ ಮೇಲೆ ದೊಡ್ಡ ನಂಬರ್ ಇರುತ್ತದೆ, ಪಕ್ಕದಲ್ಲಿ ವರ್ಷ ಅನ್ನೋ ಪದ ಇರೋದಿಲ್ಲ. ಹಳತನ್ನು ಪೂರ್ತಿ ಖಾಲಿ ಮಾಡದೆ ಹೊಸದನ್ನು ತುಂಬುತ್ತಾ ಹೋಗುವ ಸೊಲೆರಾ ಪದ್ಧತಿಯಲ್ಲಿ, ಆ ನಂಬರ್ ಒಳಗಿರುವ ಅತಿ ಹಳೆಯದ್ದಕ್ಕೆ ಸೇರಿದ್ದೂ ಆಗಿರಬಹುದು. ಕೋನ್ಯಾಕ್‌ನ ಎಕ್ಸ್ಒ ದರ್ಜೆಗೆ 2018ಕ್ಕೆ ಮೊದಲು 6 ವರ್ಷ ಸಾಕಿತ್ತು, ಈಗ 10 ಬೇಕು. ಅಕ್ಷರ ಅದೇ, ಅಳತೆ ಬೇರೆ.

ಸಿಹಿಯ ವಿಷಯ ಹೇಳದೆ ಬಿಟ್ಟರೆ ರಮ್ಮಿಗೆ ನ್ಯಾಯ ಆಗೋದಿಲ್ಲ. ಸ್ಕಾಚ್‌ಗೆ ನೀರು ಮತ್ತು ಬಣ್ಣಕ್ಕೆ ಕ್ಯಾರಮೆಲ್ ಬಿಟ್ಟು ಬೇರೇನೂ ಸೇರಿಸುವಂತಿಲ್ಲ. ರಮ್ಮಿಗೆ ಐರೋಪ್ಯ ಒಕ್ಕೂಟದ 2019ರ ನಿಯಮವೇ ಲೀಟರಿಗೆ 20 ಗ್ರಾಂವರೆಗೆ ಸಿಹಿ ಬಿಟ್ಟುಕೊಟ್ಟಿದೆ. ಸಾಲಾಗಿ ಗ್ಲಾಸು ಇಟ್ಟು ಒಂದೊಂದೇ ಗುಟುಕು ನೋಡುವಾಗ ಸಿಹಿ ಇದ್ದದ್ದು ಸುಲಭವಾಗಿ ಗೆಲ್ಲುತ್ತದೆ. ಕೊರತೆಯನ್ನು ಮುಚ್ಚುತ್ತದೆ, ಘಾಟನ್ನು ಅಡಗಿಸುತ್ತದೆ. ಒಂದು ಪೂರ್ತಿ ಗ್ಲಾಸು ಕುಡಿದು ನೋಡಿದರೆ ಮಾತ್ರ ಬಾಯಿ ಕಟ್ಟುತ್ತದೆ. ಹಾಗಾಗಿ ನಾನು ಗ್ಲಾಸನ್ನು ತೊಳೆಯದೆ ತಳದಲ್ಲಿ ನಾಲ್ಕು ಹನಿ ಬಿಟ್ಟು ರಾತ್ರಿಯೆಲ್ಲ ಇಡುತ್ತೇನೆ. ಬೆಳಿಗ್ಗೆ ಬೆರಳಿಟ್ಟು ನೋಡುತ್ತೇನೆ. ಸಿಹಿ ಹಾಕಿದ್ದರೆ ತಳ ಅಂಟಂಟು. ಹಾಕದೆ ಇದ್ದರೆ ತೆಳ್ಳಗೆ ಒಣಗಿದ ಕಂದು ಗುರುತು, ಮೂಗಿಗೆ ಹಿಡಿದರೆ ಒಣಮರದ ವಾಸನೆ. ನಿಮ್ಮ ಬಾರ್ಬಡೋಸ್ ರಮ್ಮಿನ ಗ್ಲಾಸು ಒಣಗಿತ್ತು. ಅದು ಮೇಲೆ ಬಂದದ್ದು ಸಿಹಿಯಿಂದಲ್ಲ.

ಹಾಗಾದರೆ ಅದು ವಿಸ್ಕಿಗಿಂತ ಏಳು ಸ್ಥಾನ ಮೇಲಾ? ಇಲ್ಲಿ ನಿಮ್ಮ ಮೂರನೇ ಪ್ರಶ್ನೆ ಗೆಲ್ಲುತ್ತದೆ. ಒಂದೇ ಪಟ್ಟಿ ಸರಿಯಲ್ಲ.

ಜಮೈಕಾದ ಹ್ಯಾಂಪ್ಡನ್ ಡಿಸ್ಟಿಲರಿಯ ರಮ್ ತೆಗೆದುಕೊಳ್ಳಿ. ಅಲ್ಲಿ ಕಾಕಂಬಿ ದಿನಗಟ್ಟಲೆ ಹುಳಿಯುತ್ತದೆ. ಹಿಂದಿನ ಭಟ್ಟಿಯಲ್ಲಿ ಉಳಿದ ಹುಳಿ ಗಸಿಯನ್ನೂ ಅದಕ್ಕೆ ಬೆರೆಸುತ್ತಾರೆ. ಅದಕ್ಕೆ ಡಂಡರ್ ಅಂತ ಹೆಸರು. ಇದರಿಂದ ಎಸ್ಟರ್‌ಗಳು, ಅಂದರೆ ಹಣ್ಣಿನಂಥ ವಾಸನೆ ಕೊಡುವ ರಾಸಾಯನಿಕಗಳು, ವಿಪರೀತ ಹುಟ್ಟುತ್ತವೆ. ಅವರ ಅತಿ ತೀಕ್ಷ್ಣ ಬಗೆಯಲ್ಲಿ 100 ಲೀಟರ್ ಶುದ್ಧ ಆಲ್ಕೋಹಾಲಿಗೆ 1500ರಿಂದ 1600 ಗ್ರಾಂ. ಮೂಗಿಗೆ ಹಿಡಿದರೆ ಅತಿಯಾಗಿ ಕಳಿತ ಅನಾನಸ್, ಬಾಳೆಹಣ್ಣು, ಜೊತೆಗೆ ಗೋಂದು, ಬಣ್ಣದ ಡಬ್ಬಿ. ವಿಸ್ಕಿಯಲ್ಲಿ ಆ ಗೋಂದಿನ ವಾಸನೆ ಬಂದರೆ ನಾವು ಅಂಕ ಕಳೆಯುತ್ತೇವೆ. ಇಲ್ಲಿ ಅದನ್ನೇ ಬೇಕು ಅಂತ, ಕಷ್ಟಪಟ್ಟು, ತಲೆಮಾರುಗಳಿಂದ ಮಾಡಿದ್ದಾರೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಯ ಹೊಗೆಯೂ ಹಾಗೇ. ಮೊಳಕೆ ಬಾರ್ಲಿಯನ್ನು ಪೀಟ್ ಅನ್ನೋ ಜೌಗುನೆಲದ ಉರುವಲಿನ ಹೊಗೆಯಲ್ಲಿ ಒಣಗಿಸಿದ್ದು ತಪ್ಪಲ್ಲ, ಅದೇ ಉದ್ದೇಶ. ಕೆರಿಬಿಯನ್ ದ್ವೀಪ ಮಾರ್ಟಿನೀಕ್‌ನಲ್ಲಿ ಕಾಕಂಬಿಯ ಬದಲು ಹಸಿ ಕಬ್ಬಿನ ಹಾಲಿನಿಂದ ಮಾಡುವ ರಮ್ಮಿನಲ್ಲಿ ಹುಲ್ಲಿನ ಹಸಿರು ವಾಸನೆ ಬರಲೇಬೇಕು. ಮೂರಕ್ಕೂ ಒಂದೇ ತಕ್ಕಡಿ ಹಿಡಿದರೆ, ತೀರ್ಪುಗಾರನ ಇಷ್ಟವಷ್ಟೇ ತೂಗುತ್ತದೆ.

ಹಾಗಾಗಿ ಮುಂದಿನ ಸಂಚಿಕೆಯಿಂದ ಒಟ್ಟು ಪಟ್ಟಿ ಇರೋದಿಲ್ಲ. ರಮ್ ರಮ್ಮಿನ ಜೊತೆ, ಅದರಲ್ಲೂ ಕಬ್ಬಿನ ಹಾಲಿನದ್ದು ಬೇರೆ, ಸಿಹಿ ಬೆರೆಸಿದ್ದು ಬೇರೆ. ವಿಸ್ಕಿಯಲ್ಲಿ ಹೊಗೆಯದ್ದು ಬೇರೆ. ಒಂಟಿ ಅಂಕದ ಬದಲು ಮೂರು ಗುಂಪು ಮಾಡುತ್ತೇವೆ. ಒಂದು ಗುಂಪಿನ ಒಳಗೆ ಮೇಲೆ ಕೆಳಗೆ ಅನ್ನೋದು ಇಲ್ಲ, ಅಕ್ಷರಮಾಲೆಯ ಕ್ರಮ. ಪ್ರತಿ ಸಲವೂ ಒಂದು ಗ್ಲಾಸು ಎರಡು ಸಲ ಬರುತ್ತದೆ, ನಮ್ಮ ಅಂಕ ಎಷ್ಟು ಅಲುಗಾಡಿತು ಅನ್ನೋದನ್ನು ಪಟ್ಟಿಯ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ. ಶೇ. 58 ಆಲ್ಕೋಹಾಲ್ ಇರುವ ಗಡಸು ಬಾಟಲಿಯನ್ನು ಶೇ. 40ರದ್ದರ ಪಕ್ಕ ಹಾಗೇ ಇಡೋದಿಲ್ಲ, ನೀರು ಬೆರೆಸಿ ಒಂದೇ ಮಟ್ಟಕ್ಕೆ ತಂದೂ ನೋಡುತ್ತೇವೆ. ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ಇದಕ್ಕೆ ಕಾರಣ ಕೊಟ್ಟಿದ್ದಾರೆ. ಆಲ್ಕೋಹಾಲ್ ಜಾಸ್ತಿ ಇದ್ದಾಗ ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಒಳಗೇ ಅಡಗಿರುತ್ತದೆ, ನೀರು ಬಿದ್ದಾಗ ಮೇಲ್ಮೈಗೆ ಬರುತ್ತದೆ. ಎರಡು ಹನಿ ನೀರು ಹಾಕಿದ ಕೂಡಲೆ ಗ್ಲಾಸಿನ ಮೇಲೆ ವಾಸನೆ ಅರಳೋದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಕೊನೆಗೆ ಒಂದು ಕೋರಿಕೆ. ಆ ವಿಸ್ಕಿಯ ಬಾಟಲಿ ಮನೆಯಲ್ಲಿದೆ ಅಂತ ಬರೆದಿದ್ದೀರಿ. ನಮ್ಮ ಹಳೇ ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಸ್ಕಾಚ್ ಸಿಕ್ಕರೆ, ಮೂರು ಗ್ಲಾಸು ತೆಗೆದುಕೊಳ್ಳಿ. ಎರಡು ಗ್ಲಾಸಿನಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಇನ್ನೊಂದು. ಬೇರೆಯವರ ಕೈಯಲ್ಲಿ ಸುರಿಸಿ, ನೀವು ಆಚೆ ಹೋಗಿರಿ. ಒಂದು ಚಮಚದಷ್ಟು ಸಾಕು, ಉಗುಳಲು ಒಂದು ಬಟ್ಟಲು ಇರಲಿ, ದೀಪ ಸ್ವಲ್ಪ ಮಂದ ಇರಲಿ. ಯಾವುದು ಬೇರೆ ಅಂತ ಹೇಳಿ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಂದೇ ಸಲಕ್ಕೆ ಬಿಡಬೇಡಿ. ಬೇರೆ ಬೇರೆ ದಿನ, ಐದಾರು ಸಲ ಮಾಡಿ. ಬೇರೆ ಅಂತ ಗುರುತಿಸಲಾಗದ ಎರಡರಲ್ಲಿ ಒಂದನ್ನು ಮೇಲೆ ಇಡೋದಕ್ಕೆ ನಮಗೆ ಹಕ್ಕಿರಲಿಲ್ಲ.

ನಿಮ್ಮ ಚೀಟಿಗಳನ್ನು ನಮಗೆ ಕಳಿಸಿಕೊಡಿ. ನಮ್ಮ ನಾಲ್ವರ ಚೀಟಿಗಳ ಜೊತೆ, ಹೆಸರಿಲ್ಲದೆ, ಅವನ್ನೂ ಅಚ್ಚು ಹಾಕುತ್ತೇವೆ. 91 ಮತ್ತು 86 ಎರಡನ್ನೂ ಈ ಸಂಚಿಕೆಯಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಮೂರು ಸಂಜೆಯ ಚೀಟಿಗಳನ್ನು ಸೇರಿಸಿ ನೋಡಿದ ಮೇಲೆ ಆ ವಿಸ್ಕಿ ಎರಡನೇ ಗುಂಪಿನಲ್ಲಿ ಇದೆ, ಇನ್ನೂ ಆರು ವಿಸ್ಕಿಗಳ ಜೊತೆ.

— ಸಂಪಾದಕ