‘ಗಿರಣಿ’ ಅಂತ ಹುಡುಕಿದರೆ ಏನೂ ಬರುತ್ತಿಲ್ಲ

ಪ್ರಶ್ನೆ: ಈ ವರ್ಷ ಎಫ್‌ವೈ ಬಿಎಗೆ, ಅಂದರೆ ಬಿಎ ಮೊದಲ ವರ್ಷಕ್ಕೆ ಸೇರಿದ್ದೇನೆ. ನಮ್ಮ ಅಜ್ಜ ಪರೇಲಿನ ಒಂದು ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಕೆಲಸ ಮಾಡಿದವರು, ಈಗ ಕುಂದಾಪುರದ ಕಡೆ ಊರಲ್ಲಿದ್ದಾರೆ. ಹಾಗಾಗಿ ಪ್ರಾಜೆಕ್ಟ್‌ಗೆ ‘ಮುಂಬಯಿಯ ಗಿರಣಿಗಳು’ ಅನ್ನುವ ವಿಷಯ ತಗೊಂಡೆ. ಗೂಗಲ್‌ನಲ್ಲಿ ಸಿಕ್ಕಿದ್ದನ್ನು ಸೇರಿಸಿ ಬರೆದುಕೊಟ್ಟರೆ ಮೇಡಂ ವಾಪಸ್ ಕೊಟ್ಟು, ಐದಾದರೂ ಪುಸ್ತಕ ನೋಡಿ ಬರೆಯಿರಿ ಅಂದರು. ಲೈಬ್ರರಿಯ ಕಂಪ್ಯೂಟರ್‌ನಲ್ಲಿ ‘ಗಿರಣಿ’, ‘ಮುಂಬೈ ಮಿಲ್ಸ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೂ ಏನೂ ಬರಲಿಲ್ಲ. ಲೈಬ್ರರಿಯನ್ ಹತ್ತಿರ ಕೇಳಲು ಹೆದರಿಕೆ.
– ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಪುಸ್ತಕ ಇಲ್ಲ ಅಂತಲ್ಲಮ್ಮ, ನೀನು ಕೇಳಿದ ಹೆಸರಿನಲ್ಲಿ ಇಲ್ಲ, ಅಷ್ಟೇ. ಊರಿನ ಹೆಸರು ಅಧಿಕೃತವಾಗಿ ಮುಂಬೈ ಆಗಿದ್ದು 1995ರಲ್ಲಿ. ಅದಕ್ಕಿಂತ ಹಿಂದಿನ ಇಂಗ್ಲಿಷ್ ಪುಸ್ತಕಗಳಿಗೆಲ್ಲ ಇದು ಬಾಂಬೆ. ಲೈಬ್ರರಿಯ ಪುಸ್ತಕಗಳ ಪಟ್ಟಿ ಇದೆಯಲ್ಲ, ಆ ಕ್ಯಾಟಲಾಗ್‌ಗೆ ಅರ್ಥ ಗೊತ್ತಾಗುವುದಿಲ್ಲ, ಅಕ್ಷರ ಮಾತ್ರ ಗೊತ್ತು. ಒಂದು ಉದಾಹರಣೆ ಕೊಡ್ತೀನಿ. ಗಿರಣಿ ಮುಷ್ಕರದ ಬಗ್ಗೆ 1992ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಹೆಸರು ‘ದಿ ಬಾಂಬೆ ಟೆಕ್ಸ್‌ಟೈಲ್ ಸ್ಟ್ರೈಕ್, 1982–83’. ಇದರಲ್ಲಿ ಮುಂಬೈಯೂ ಇಲ್ಲ, ಮಿಲ್ಲೂ ಇಲ್ಲ. ನೀನು ಹೊಡೆದ ಪದಕ್ಕೆ ಅದು ಹೇಗೆ ಬರಬೇಕು? ಇನ್ನೊಂದು 2004ರದ್ದು, ‘ವನ್ ಹಂಡ್ರೆಡ್ ಇಯರ್ಸ್, ವನ್ ಹಂಡ್ರೆಡ್ ವಾಯ್ಸಸ್’. ಗಿರಣಗಾಂವ್‌ನ, ಅಂದರೆ ಮುಂಬಯಿಯ ಗಿರಣಿಗಳಿದ್ದ ಪ್ರದೇಶದ ಕಾರ್ಮಿಕರನ್ನು ಮಾತಾಡಿಸಿ ಮಾಡಿದ ಪುಸ್ತಕ, ನಿನಗೆ ಹೇಳಿ ಮಾಡಿಸಿದ ಹಾಗಿದೆ. ಅದರ ಉಪಶೀರ್ಷಿಕೆಯಲ್ಲಿ ‘ಮಿಲ್‌ವರ್ಕರ್ಸ್’ ಅಂತ ಜಾಗ ಬಿಡದೆ ಒಂದೇ ಪದವಾಗಿದೆ. ನೀನು ಮಿಲ್ ಬೇರೆ ವರ್ಕರ್ಸ್ ಬೇರೆ ಮಾಡಿ ಹೊಡೆದರೆ ಕೆಲವು ಕಂಪ್ಯೂಟರ್‌ಗಳು ಅದನ್ನು ತೋರಿಸುವುದೇ ಇಲ್ಲ.

ಅದಕ್ಕೇ ಹುಡುಕುವ ಮುಂಚೆ ಒಂದು ಹಾಳೆಯಲ್ಲಿ ಪದಗಳನ್ನು ಬರೆದುಕೋ. ಬಾಂಬೆ, ಮುಂಬೈ, ಕಾಟನ್, ಟೆಕ್ಸ್‌ಟೈಲ್, ಲೇಬರ್, ಸ್ಟ್ರೈಕ್, ಗಿರಣಗಾಂವ್. ಎರಡೆರಡು ಜೋಡಿಸಿ ಹುಡುಕು. ಒಂದು ಸರಿಯಾದ ಪುಸ್ತಕ ಸಿಕ್ಕಿತು ಅಂದುಕೋ, ಅದರ ವಿವರ ತೆರೆದರೆ ಕೆಳಗೆ ‘ಸಬ್ಜೆಕ್ಟ್’ ಅಂತ ಒಂದು ಸಾಲು ಇರುತ್ತದೆ. ಅದರ ಮೇಲೆ ಒತ್ತು. ಆ ವಿಷಯಕ್ಕೆ ಲೈಬ್ರರಿಯವರು ಸೇರಿಸಿದ ಬೇರೆ ಪುಸ್ತಕಗಳು ಬರುತ್ತವೆ. ಇಷ್ಟು ಸುಲಭದ ದಾರಿಯನ್ನು ಮೂರನೇ ವರ್ಷದವರೂ ಬಳಸುವುದಿಲ್ಲ, ನನಗೆ ಅದು ನಿಜಕ್ಕೂ ಬೇಜಾರು.

ಆಮೇಲೆ ಕಪಾಟಿನ ಹತ್ತಿರ ಹೋಗು, ಬರೀ ಸ್ಕ್ರೀನ್ ನೋಡಿ ಬರಬೇಡ. ನಮ್ಮಲ್ಲಿ ಬಹಳಷ್ಟು ಕಾಲೇಜುಗಳು ಪುಸ್ತಕ ಜೋಡಿಸುವುದು ಡ್ಯೂಯಿ ಪದ್ಧತಿಯಲ್ಲಿ, ಅದು ಒಂದೊಂದು ವಿಷಯಕ್ಕೆ ಒಂದೊಂದು ನಂಬರ್ ಕೊಡುವ, 1876ರಿಂದ ಇರುವ ಲೆಕ್ಕ. ಅದರಲ್ಲಿ ಕಾರ್ಮಿಕರ ವಿಷಯ 331, ಬಟ್ಟೆ ತಯಾರಿಕೆ 677, ಭಾರತದ ಇತಿಹಾಸ 954. ಅಂದರೆ ನಿನ್ನ ಒಂದೇ ವಿಷಯ ಮೂರು ಕಪಾಟಿನಲ್ಲಿ ಹಂಚಿಹೋಗಿದೆ. ಮೂರರ ಮುಂದೆಯೂ ನಿಂತು ಅಕ್ಕಪಕ್ಕದ ಪುಸ್ತಕ ತೆಗೆದು ನೋಡು, ಹಿಂದಿನ ಪುಟಗಳ ಗ್ರಂಥಸೂಚಿ ನೋಡು. ಒಬ್ಬರು ವರ್ಷಗಟ್ಟಲೆ ಅಲೆದು ಮಾಡಿದ ಪಟ್ಟಿ ಅದು, ನಿನಗೆ ಪುಕ್ಕಟೆ ಸಿಗ್ತಾ ಇದೆ.

ಇನ್ನೊಂದು ಮಾತು, ನಿನ್ನ ವಿಷಯ ತುಂಬಾ ದೊಡ್ಡದಾಯಿತು. ಇಲ್ಲಿನ ಮೊದಲ ಗಿರಣಿ ತಾಡದೇವ್‌ನಲ್ಲಿ ಶುರುವಾಗಿದ್ದು 1850ರ ದಶಕದಲ್ಲಿ. ಅಲ್ಲಿಂದ ಇಲ್ಲಿಯವರೆಗಿನ ಕಥೆಯನ್ನು ಇಪ್ಪತ್ತು ಪುಟದಲ್ಲಿ ಹೇಳಲು ಹೋದರೆ ಗೂಗಲ್‌ನಲ್ಲಿ ಇರುವುದೇ ಮತ್ತೆ ಬರುತ್ತದೆ, ಮೇಡಂ ಮತ್ತೆ ವಾಪಸ್ ಕೊಡುತ್ತಾರೆ. ಮುಷ್ಕರ ಒಂದನ್ನೇ ಹಿಡಿ. 1982ರ ಜನವರಿ 18ಕ್ಕೆ ಶುರುವಾಗಿದ್ದು, ದತ್ತಾ ಸಾಮಂತ್ ನಾಯಕತ್ವ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಅವರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಿರಣಿ ನಿಂತಾಗ ಅದರ ಕ್ಯಾಂಟೀನಿನಲ್ಲಿ ಚಹಾ ಕೊಡುತ್ತಿದ್ದವರು ಏನು ಮಾಡಿದರು? ಈ ಪ್ರಶ್ನೆ ನಿನ್ನ ಮನೆಯಿಂದ ಎದ್ದು ಬಂದಿದೆ. ಅಜ್ಜನಿಗೆ ಫೋನ್ ಮಾಡು, ಕೇಳಿ ಬರೆದುಕೋ, ಯಾವತ್ತು ಮಾತಾಡಿದೆ ಅನ್ನುವುದನ್ನೂ ಬರೆದಿಡು. ಅದೂ ಒಂದು ಆಧಾರವೇ. ಆದರೆ ಅವರು ಹೇಳಿದ ಇಸವಿ, ಸಂಬಳ ಇಂಥದ್ದನ್ನು ಆ ಕಾಲದ ಪೇಪರ್ ಜೊತೆ ಹೋಲಿಸಿ ನೋಡಬೇಕು. ವಯಸ್ಸಾದವರು ಇಸವಿ ಹೇಳುವಾಗ ಒಂದೆರಡು ವರ್ಷ ಆಚೀಚೆ ಆಗುತ್ತದೆ.

ಹೆದರಿಕೆ ವಿಷಯಕ್ಕೆ ಬರ್ತೀನಿ. ನಮ್ಮ ದೇಶದ ಗ್ರಂಥಾಲಯ ಶಾಸ್ತ್ರಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಕೊಟ್ಟರು, ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಅನ್ನುವುದು. ಲೈಬ್ರರಿ ಕೋರ್ಸ್ ಮಾಡಿದವರೆಲ್ಲ ಇದನ್ನು ಓದಿಕೊಂಡೇ ಬಂದಿರುತ್ತಾರೆ. ನೀನು ಹೋಗಿ ಕೇಳುವುದು ತೊಂದರೆ ಕೊಟ್ಟ ಹಾಗಲ್ಲ, ಅದು ಅವರ ಕೆಲಸ. ಸುಮ್ನೆ ‘ಗಿರಣಿ ಪುಸ್ತಕ ಇದೆಯಾ’ ಅನ್ನಬೇಡ. ನನ್ನ ಪ್ರಶ್ನೆ ಇದು, ಇಂತಿಂಥ ಪದ ಹಾಕಿ ನೋಡಿದೆ, ಇಷ್ಟು ಸಿಕ್ಕಿತು, ಮುಂದೆ ಎಲ್ಲಿ ನೋಡಲಿ ಅಂತ ಕೇಳು. ನಾನು ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತವಳು, ಹೀಗೆ ಕೇಳಿದ ಮಕ್ಕಳಿಗಾಗಿ ಊಟ ಬಿಟ್ಟು ಹುಡುಕಿಕೊಟ್ಟಿದ್ದೇನೆ.

ಬರೆದುಕೊಳ್ಳುವಾಗ ಲೇಖಕರು, ಪುಸ್ತಕ, ಪ್ರಕಾಶಕರು, ವರ್ಷ, ಪುಟಸಂಖ್ಯೆ ಎಲ್ಲ ಆಗಲೇ ಬರೆದುಬಿಡು. ಫೋಟೋ ತೆಗೆದರೆ ಮೊದಲು ಶೀರ್ಷಿಕೆ ಪುಟದ್ದು ತೆಗೆ. ನಾನು ಓದುವ ಕಾಲದಲ್ಲಿ ಒಂದೇ ಒಂದು ಪುಟಸಂಖ್ಯೆಗಾಗಿ ಕಲ್ಯಾಣ್‌ನಿಂದ ಫೋರ್ಟ್‌ವರೆಗೆ ಇನ್ನೊಂದು ಸಲ ಲೋಕಲ್ ಹಿಡಿದಿದ್ದೆ, ಹೋಗಿ ನೋಡಿದರೆ ಪುಸ್ತಕವನ್ನು ಬೇರೆಯವರು ತಗೊಂಡಿದ್ದರು.

ಪ್ರಶ್ನೆ: ಮಗ ಲೈಬ್ರರಿ ಕಡೆ ಹೋಗುವುದೇ ಇಲ್ಲ. ಎಲ್ಲವನ್ನೂ ಎಐ ಹತ್ತಿರ ಕೇಳುತ್ತಾನೆ, ಪುಸ್ತಕಗಳ ಪಟ್ಟಿಯನ್ನೂ ಅದೇ ಕೊಡುತ್ತದಂತೆ. ಇದು ಸರಿಯೇ?
– ಒಬ್ಬ ತಂದೆ, ಭಾಂಡುಪ್

ಉತ್ತರ: ಪಟ್ಟಿ ಕೊಡುತ್ತದೆ ಸರ್, ಆದರೆ ಅದರಲ್ಲಿ ಇಲ್ಲದ ಪುಸ್ತಕಗಳೂ ಇರುತ್ತವೆ. ಲೇಖಕರ ಹೆಸರು ನಿಜ, ಪ್ರಕಾಶಕರು ನಿಜ, ಅಂಥ ಪುಸ್ತಕ ಮಾತ್ರ ಯಾರೂ ಬರೆದಿರುವುದಿಲ್ಲ. ನೋಡಲು ಅಸಲಿಯ ಹಾಗೇ ಇರುವುದರಿಂದ ಹದಿನೆಂಟರ ಹುಡುಗನಿಗೆ ಗೊತ್ತಾಗುವುದಿಲ್ಲ. ಬೈಯಬೇಡಿ. ಪಟ್ಟಿಯ ಒಂದೊಂದು ಹೆಸರನ್ನೂ ಕ್ಯಾಟಲಾಗ್‌ನಲ್ಲಿ ಹಾಕಿ ನೋಡು, ಎಲ್ಲೂ ಸಿಗದಿದ್ದರೆ ಬಿಟ್ಟುಬಿಡು, ಸಿಕ್ಕಿದ್ದನ್ನು ತೆರೆದು ಓದದೆ ಹೆಸರು ಹಾಕಬೇಡ ಅನ್ನಿ. ಹುಡುಕುವ ಪದಗಳು ಹೊಳೆಯದಿದ್ದಾಗ ಎಐ ಕೇಳಲಿ, ಅದಕ್ಕೆ ನನ್ನದೇನೂ ತಕರಾರಿಲ್ಲ.

ಮನೆಯಲ್ಲೇ ಕೂತು ಓದಬೇಕು ಅಂದರೂ ಒಳ್ಳೆಯ ಜಾಗಗಳಿವೆ. ಪಿಎಚ್‌ಡಿ ಪ್ರಬಂಧಗಳಿಗೆ ‘ಶೋಧಗಂಗಾ’ ವೆಬ್‌ಸೈಟ್ ಇದೆ, ಪೂರ್ತಿ ಪ್ರಬಂಧ ಉಚಿತವಾಗಿ ಸಿಗುತ್ತದೆ. ಐಐಟಿ ಖರಗಪುರದವರು ಕಟ್ಟಿದ ನ್ಯಾಷನಲ್ ಡಿಜಿಟಲ್ ಲೈಬ್ರರಿ ಇದೆ. ಟೌನ್‌ಹಾಲ್‌ನಲ್ಲಿರುವ ಏಷ್ಯಾಟಿಕ್ ಸೊಸೈಟಿ ತನ್ನ ಹಳೆಯ ಪುಸ್ತಕಗಳನ್ನು ‘ಗ್ರಂಥ ಸಂಜೀವನಿ’ ವೆಬ್‌ಸೈಟ್‌ನಲ್ಲಿ ಹಾಕಿದೆ. ಕಾಲೇಜುಗಳಿಗೆ ಆನ್‌ಲೈನ್ ಜರ್ನಲ್ ಒದಗಿಸುವ ‘ಎನ್-ಲಿಸ್ಟ್’ ಯೋಜನೆಯಲ್ಲಿ ಮಗನ ಕಾಲೇಜು ಸೇರಿದ್ದರೆ ದುಡ್ಡು ಕೊಟ್ಟು ಓದಬೇಕಾದ ಸಾವಿರಾರು ಜರ್ನಲ್‌ಗಳು ವಿದ್ಯಾರ್ಥಿಗೆ ಬಿಟ್ಟಿ ಸಿಗುತ್ತವೆ. ಆದರೆ ಅದರ ಲಾಗಿನ್ ಕೊಡುವವರು ಲೈಬ್ರರಿಯವರೇ. ಅದಕ್ಕಾದರೂ ಒಂದು ಸಲ ಒಳಗೆ ಹೋಗಲೇಬೇಕಲ್ವಾ?

ಪ್ರಶ್ನೆ: ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಬರೆಯಬೇಕು. ಕ್ಯಾಟಲಾಗ್‌ಗಳಲ್ಲಿ ಹೆಚ್ಚೇನೂ ಇಲ್ಲ.
– ವಿದ್ಯಾರ್ಥಿ, ಠಾಣೆ

ಉತ್ತರ: ಇಂಥ ವಿಷಯ ಜಾಸ್ತಿ ಸಿಗುವುದು ಸ್ಮರಣ ಸಂಚಿಕೆಗಳಲ್ಲಿ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ ಅಂತ ಸಂಘಗಳು ತಂದವು. ಅವಕ್ಕೆ ಕ್ಯಾಟಲಾಗ್ ನಂಬರ್ ಇರುವುದು ಕಮ್ಮಿ, ಕೇಳಿಯೇ ಪಡೆಯಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ನಿಮ್ಮ ಸಮಾಜದ ಸಂಘದ ಕಚೇರಿ, ಎಲ್ಲ ಕಡೆ ವಿಚಾರಿಸಿ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ, ಮುಂಬಯಿ ಕನ್ನಡಿಗರ ಬಗ್ಗೆ ಅಲ್ಲಿ ಸಂಶೋಧನೆ ನಡೆದಿದೆ, ಅವರನ್ನು ಕೇಳಿ. ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ, ಕಾರಂತ ಅನ್ನುವುದನ್ನೇ ಮೂರು ಬಗೆಯಲ್ಲಿ ಹೊಡೆದು ನೋಡಬೇಕಾಗುತ್ತದೆ. ಹೊರಗಿನ ಲೈಬ್ರರಿಗೆ ಹೋಗುವ ಮುಂಚೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ, ಕಾಲೇಜಿನ ಐಡಿ ಮತ್ತು ಒಂದು ಪತ್ರ ಜೊತೆಗಿರಲಿ. ಪೆನ್ಸಿಲ್ ಇಟ್ಟುಕೊಳ್ಳಿ, ಹಳೆಯ ಕಾಗದದ ಹತ್ತಿರ ಕೆಲವರು ಪೆನ್ ತೆಗೆಯಲು ಬಿಡುವುದಿಲ್ಲ.