ಔಟ್‌ಬೋರ್ಡ್ ಎಂಜಿನ್‌ನ ಥ್ರಾಟಲ್ ಬಿಗಿಯಾಗಿದೆ, ಕಾರ್ಬೊರೇಟರ್ ತೊಳೆಸಿದರೂ ಸರಿಹೋಗಿಲ್ಲ: ಕಾರಣವೇನು?

ತಮ್ಮ ನಾಡದೋಣಿಯ 9.9 ಅಶ್ವಶಕ್ತಿಯ ಟೂ-ಸ್ಟ್ರೋಕ್ ಎಂಜಿನ್ ಮಳೆಗಾಲದಲ್ಲಿ ಎರಡು ತಿಂಗಳು ಮೂಲೆಯಲ್ಲಿತ್ತು, ಈಗ ವೇಗ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಹಿಡಿಯನ್ನು ತಿರುಗಿಸಲು ಎರಡು ಕೈ ಬೇಕಾಗುತ್ತಿದೆ, ಕಾರ್ಬೊರೇಟರನ್ನು ಎರಡು ಸಲ ತೊಳೆಸಿದರೂ ಗುಣವಿಲ್ಲ ಎಂದು ಕೇಳಿದ್ದೀರಿ. ಎರಡು ಕೈ ಹಾಕಬೇಕಾದಷ್ಟು ಬಿಗಿ ಕಾರ್ಬೊರೇಟರಿನ ಪುಟ್ಟ ಬಟರ್‌ಫ್ಲೈಯಿಂದ (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಬಿಲ್ಲೆ) ಬರುವುದು ಅಪರೂಪ. ಆದ್ದರಿಂದ ಮೂರನೆಯ ಸಲ ತೊಳೆಸುವ ಮೊದಲು, ಬಿಗಿ ಎಲ್ಲಿದೆ ಎಂಬುದನ್ನು ಪತ್ತೆ ಮಾಡಿಕೊಳ್ಳಿ.

ಎಂಜಿನ್ ನಿಲ್ಲಿಸಿ, ಕಿಲ್ ಸ್ವಿಚ್‌ನ (ಎಳೆದರೆ ಎಂಜಿನ್ ನಿಲ್ಲಿಸುವ ಸ್ವಿಚ್) ದಾರವನ್ನೂ ಸ್ಪಾರ್ಕ್ ಪ್ಲಗ್‌ನ ಟೋಪಿಗಳನ್ನೂ ತೆಗೆದಿಡಿ. ಪ್ರೊಪೆಲ್ಲರನ್ನು ಕೈಯಿಂದ ಸ್ವಲ್ಪ ತಿರುಗಿಸುತ್ತಾ ಮುಂದಿನ ಗೇರಿಗೆ ಹಾಕಿಕೊಳ್ಳಿ. ನ್ಯೂಟ್ರಲ್‌ನಲ್ಲಿ ಥ್ರಾಟಲ್ ಪೂರ್ತಿ ತೆರೆಯದಂತೆ ಹಲವು ಎಂಜಿನ್‌ಗಳಲ್ಲಿ ತಡೆ ಇರುತ್ತದೆ, ಅದನ್ನೇ ದೋಷವೆಂದು ತಿಳಿದು ಹಿಡಿಯನ್ನು ಮುರಿದವರನ್ನು ನಾನು ಕಂಡಿದ್ದೇನೆ. ವೇಗ ಒಂದೇ ಮಟ್ಟದಲ್ಲಿ ನಿಲ್ಲಲೆಂದು ಹಿಡಿಯ ಬಳಿ ಇರುವ ಬಿಗಿತದ ತಿರುಪನ್ನು ಸಡಿಲಿಸಿ ನೋಡಿ. ಅಂದಹಾಗೆ, ಬೈಕಿನ ಆಕ್ಸಿಲರೇಟರಿನಂತೆ ಕೈಬಿಟ್ಟೊಡನೆ ಹಿಂದಕ್ಕೆ ಬರುವ ಹಿಡಿ ಇದಲ್ಲ. ನಿಲ್ಲಿಸಿದಲ್ಲಿ ನಿಲ್ಲುವುದೇ ಅದರ ಸ್ವಭಾವ.

ಅನಂತರ ಹಿಡಿಯಿಂದ ಎಂಜಿನ್‌ಗೆ ಹೋಗುವ ಕೇಬಲ್‌ನ ತುದಿಯನ್ನು ಎಂಜಿನ್ ಬದಿಯಲ್ಲಿ ಕಳಚಿ, ಹಿಡಿಯನ್ನು ತಿರುಗಿಸಿ. ಆಗಲೂ ಬಿಗಿಯಾಗಿದ್ದರೆ ದೋಷವಿರುವುದು ಹಿಡಿಯಲ್ಲಿ ಅಥವಾ ಕೇಬಲ್‌ನಲ್ಲಿ. ಹಿಡಿಯೊಳಗಿನ ಹಳೆಯ ಗ್ರೀಸ್ ಉಪ್ಪಿನೊಂದಿಗೆ ಸೇರಿ ಗಟ್ಟಿಯಾಗಿದ್ದರೆ ಬಿಚ್ಚಿ ಒರೆಸಿ ಹೊಸ ಮೆರೈನ್ ಗ್ರೀಸ್ ಹಚ್ಚಿದರೆ ಸಾಕು. ಆದರೆ ಕೇಬಲ್‌ನ ಒಳಗೆ ಪ್ಲಾಸ್ಟಿಕ್ ಕೊಳವೆ ಇದ್ದರೆ ಎಣ್ಣೆ ಸುರಿಯುವ ಗೋಜಿಗೆ ಹೋಗದೆ ಹೊಸದನ್ನೇ ಹಾಕಿಸಿ.

ಕೇಬಲ್ ಕಳಚಿದಾಗ ಹಿಡಿ ಸಲೀಸಾಗಿ ತಿರುಗಿದರೆ, ನನ್ನ ಸಂಶಯ ಎಂಜಿನ್‌ನ ಮೇಲ್ಭಾಗದಲ್ಲಿ ಸುತ್ತುವ ಭಾರದ ಚಕ್ರವಾದ ಫ್ಲೈವೀಲ್‌ನ ಕೆಳಗೆ ಹೋಗುತ್ತದೆ. ಹಲವು ಸಣ್ಣ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಥ್ರಾಟಲ್ ಕೇಬಲ್ ನೇರವಾಗಿ ಕಾರ್ಬೊರೇಟರಿಗೆ ಹೋಗುವುದಿಲ್ಲ. ಅದು ಮೊದಲು ಕಿಡಿಗೆ ವಿದ್ಯುತ್ ಹುಟ್ಟಿಸುವ ಕಾಯಿಲ್‌ಗಳನ್ನು ಹೊತ್ತ ಮ್ಯಾಗ್ನೆಟೋ ತಟ್ಟೆಯನ್ನು ತಿರುಗಿಸಿ ಕಿಡಿ ಹಾರುವ ಸಮಯವನ್ನು ಮುಂದಕ್ಕೆ ತರುತ್ತದೆ, ಆ ತಟ್ಟೆಗೆ ಜೋಡಿಸಿದ ಕಡ್ಡಿ ಬಟರ್‌ಫ್ಲೈಯನ್ನು ತೆರೆಯುತ್ತದೆ. ತಟ್ಟೆ ಕೂರುವ ಬಳೆಯಲ್ಲಿ ಗ್ರೀಸ್ ಒಣಗಿ ಉಪ್ಪು ಕಟ್ಟಿದರೆ ಇಡೀ ತಟ್ಟೆ ಕಚ್ಚಿಕೊಳ್ಳುತ್ತದೆ. ನನ್ನ ಎಂಜಿನ್‌ನಲ್ಲಿ ಆದದ್ದೂ ಇದೇ, ನಾನೂ ಕಾರ್ಬೊರೇಟರ್ ತೊಳೆಸಿ ಹಣ ಕಳೆದುಕೊಂಡವನೇ. ಫ್ಲೈವೀಲನ್ನು ಸುತ್ತಿಗೆಯಿಂದ ಬಡಿಯದೆ ಪುಲ್ಲರ್ (ಚಕ್ರವನ್ನು ಎಳೆದು ತೆಗೆಯುವ ಸಲಕರಣೆ) ಹಾಕಿಯೇ ತೆಗೆಸಬೇಕು. ಬಳೆಯನ್ನು ಸ್ವಚ್ಛಗೊಳಿಸಿ ತೆಳುವಾಗಿ ಗ್ರೀಸ್ ಹಚ್ಚಬೇಕು, ಕಾಯಿಲ್‌ಗಳಿಗೆ ತಾಗಬಾರದು. ನಟ್ಟನ್ನು ಎಂಜಿನ್‌ನ ಕೈಪಿಡಿಯಲ್ಲಿರುವ ಟಾರ್ಕ್‌ಗೇ (ಬಿಗಿಯುವ ಬಲದ ಅಳತೆ) ಬಿಗಿಯಬೇಕು.

ಜೋಡಿಸಿದ ಮೇಲೆ ಎಂಜಿನನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮೇಲಕ್ಕೂ ಎತ್ತಿ, ಪ್ರತಿ ಸ್ಥಿತಿಯಲ್ಲಿಯೂ ಥ್ರಾಟಲನ್ನು ಪರೀಕ್ಷಿಸಿ. ಕೇಬಲ್ ಎಲ್ಲಾದರೂ ಮಡಿಚಿಕೊಳ್ಳುತ್ತಿದ್ದರೆ ಆಗ ತಿಳಿಯುತ್ತದೆ. ಮೊದಲ ಓಟ ಹೊಳೆಯಲ್ಲಿಯೇ ಆಗಲಿ, ಅಳಿವೆ ದಾಟುವುದು ಆಮೇಲೆ. ಓಡುವಾಗ ಥ್ರಾಟಲ್ ತೆರೆದಲ್ಲೇ ಸಿಕ್ಕಿಕೊಂಡರೆ ನ್ಯೂಟ್ರಲ್‌ಗೆ ತಳ್ಳಬೇಡಿ, ಭಾರ ತಪ್ಪಿದ ಎಂಜಿನ್ ವಿಪರೀತ ವೇಗದಲ್ಲಿ ಸುತ್ತುತ್ತದೆ. ಕಿಲ್ ಸ್ವಿಚ್‌ನ ದಾರ ಎಳೆಯಿರಿ, ಅದೂ ಕೆಲಸ ಮಾಡದಿದ್ದರೆ ಚೋಕ್ ಎಳೆದು ಎಂಜಿನನ್ನು ನಿಲ್ಲಿಸಿ.